ಕಾಲಿನಿಂದ ಶುರುವಾಗುವ ನಾಯಕತ್ವ

ಬೆಂಗಳೂರು–ಚೆನ್ನೈ ನಡುವೆ ಓಡಾಡುವ ಕನ್ನಡಿಗರಿಗೆಲ್ಲ ಕಾಟ್ಪಾಡಿ ಗೊತ್ತು. ರೈಲು ನಿಂತ ಕೂಡಲೇ ಎಕ್ಸ್‌ರೇ ಕವರು, ದಪ್ಪ ಫೈಲು ಹಿಡಿದವರು ಇಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹೊರಟಿರುವುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ. ಅಲ್ಲಿನ ಚಿಕಿತ್ಸೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದನ್ನು ಕಟ್ಟಿದವರು ಜೊತೆಗಿದ್ದವರನ್ನು ಹೇಗೆ ಮುನ್ನಡೆಸಿದರು ಎಂಬ ಮಾತು ಕಡಿಮೆ. ಸಾಫ್ಟ್‌ವೇರ್ ತಂಡವೊಂದನ್ನು ನೋಡಿಕೊಳ್ಳುವ ನನಗೆ ಅದರ ಬಗ್ಗೆಯೇ ಹೆಚ್ಚು ಕುತೂಹಲ.

ಕ್ರೈಸ್ತ ಧರ್ಮದಲ್ಲಿ ನಾಯಕತ್ವದ ಪಾಠ ಒಂದು ಬೋಗುಣಿ ನೀರಿನಿಂದ ಶುರುವಾಗುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಊಟದ ನಡುವೆ ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಶಿಷ್ಯರ ಕಾಲು ತೊಳೆದರೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆ ಕಾಲದಲ್ಲಿ ಅದು ಮನೆಯಾಳಿನ ಕೆಲಸ. ಗುರು ಈ ಕೆಲಸ ಮಾಡುವುದೇ ಎಂದು ಪೇತ್ರ ತಡೆದರೂ ಯೇಸು ಬಿಡಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ತಮ್ಮನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಬಿಡಲಿಲ್ಲ. ಈಸ್ಟರ್‌ಗೆ ಮುಂಚಿನ ಗುರುವಾರ ಇಂದಿಗೂ ಅನೇಕ ಚರ್ಚ್‌ಗಳಲ್ಲಿ ಪಾದ್ರಿಗಳು ಭಕ್ತರ ಕಾಲು ತೊಳೆಯುತ್ತಾರೆ. ಆ ಆಚರಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದನ್ನೇ ವರ್ಷಪೂರ್ತಿಯ ಕೆಲಸ ಮಾಡಿಕೊಂಡರೆ ಹೇಗಿರುತ್ತದೆ? ಅದಕ್ಕೆ ವೆಲ್ಲೂರಿನಲ್ಲಿ ಉತ್ತರ ಸಿಗುತ್ತದೆ.

ಅಮೆರಿಕದ ಮಿಷನರಿ ಮನೆತನದ ಡಾ. ಐಡಾ ಸ್ಕಡರ್ 1900ರಲ್ಲಿ ಅಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಶುರು ಮಾಡಿದರು. ಮುಂದೆ ಅದೇ ಕಾಲೇಜಾಗಿ ಬೆಳೆಯಿತು. 1946ರಲ್ಲಿ ಅಲ್ಲಿಗೆ ಬಂದವರು ಡಾ. ಪಾಲ್ ಬ್ರ್ಯಾಂಡ್. ಅವರು ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು, ಇಂಗ್ಲೆಂಡಿನಲ್ಲಿ ಓದಿದವರು. ಶಸ್ತ್ರಚಿಕಿತ್ಸಕರಾಗುವ ಮುನ್ನ ಮರಗೆಲಸ, ಗಾರೆಕೆಲಸ ಕಲಿತಿದ್ದರು.

ಆಗ ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಬ್ರ್ಯಾಂಡ್ ರೋಗಿಗಳ ಪಕ್ಕದಲ್ಲಿ ಕುಳಿತು ಅವರ ಕೈಕಾಲು ಹಿಡಿದು ನೋಡಿದರು. ಅನೇಕರು ಮುಟ್ಟಲು ಅಂಜುತ್ತಿದ್ದ ಕಾಲವದು. ನೋಡುತ್ತಾ ಹೋದಂತೆ ಬೇರೆಯೇ ಕಾರಣ ಕಂಡಿತು. ರೋಗ ನರಗಳನ್ನು ಕೆಡಿಸುತ್ತದೆ, ನೋವು ಗೊತ್ತಾಗುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ, ಮುಳ್ಳು ಚುಚ್ಚಿದರೂ ತಿಳಿಯದೆ ಗಾಯ ಹುಣ್ಣಾಗುತ್ತದೆ. ರಾತ್ರಿ ಇಲಿ ಬೆರಳು ಕಡಿದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಅವರ ತಂಡ ಕಂಡುಕೊಂಡ ಪರಿಹಾರ ಬೆಕ್ಕು ಸಾಕುವುದು! ಹುಣ್ಣಾಗದಂತೆ ಮೆತ್ತನೆಯ ರಬ್ಬರ್ ಚಪ್ಪಲಿ ಬಂತು. ಅದೇ ಬಗೆಯ ಎಂಸಿಆರ್ ಚಪ್ಪಲಿಯನ್ನು ಇಂದಿಗೂ ಸರ್ಕಾರ ಕುಷ್ಠರೋಗಿಗಳಿಗೆ ಕೊಡುತ್ತಿದೆ. ಹೆಸರಾಂತ ಸರ್ಜನ್ ಒಬ್ಬರು ಚಪ್ಪಲಿಯ ಅಟ್ಟೆಯ ಬಗ್ಗೆ ತಲೆಕೆಡಿಸಿಕೊಳ್ಳುವುದೆಂದರೆ ಕಾಲು ತೊಳೆದಷ್ಟೇ ದೊಡ್ಡ ಮಾತು.

ಅವರ ವಿನಯಕ್ಕೆ ನಿಜವಾದ ಪರೀಕ್ಷೆ ಬಂದದ್ದು ಯಶಸ್ಸು ಸಿಕ್ಕ ಮೇಲೆ. ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ, ಮಡಚಿಹೋಗಿದ್ದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಕೈಗೂಡಿತ್ತು. ಆದರೆ ವಾಸಿಯಾಗಿ ಹೋದವರಲ್ಲಿ ಕೆಲವರು ಮರಳಿ ಬಂದು ಅಳಲು ತೋಡಿಕೊಂಡರು. ಕೈ ಸರಿಹೋದ ಮೇಲೆ ಭಿಕ್ಷೆ ಬೀಳುತ್ತಿಲ್ಲ, ರೋಗದ ಗುರುತು ಉಳಿದಿರುವುದರಿಂದ ಕೆಲಸವನ್ನೂ ಯಾರೂ ಕೊಡುತ್ತಿಲ್ಲ ಎಂದರು. ಇಷ್ಟು ಮಾಡಿದರೂ ಹೀಗನ್ನುತ್ತಾರಲ್ಲ ಎಂದು ಬೇಸರಪಡಬಹುದಿತ್ತು. ಬ್ರ್ಯಾಂಡ್ ಆ ಮಾತನ್ನು ದೂರು ಎಂದು ತಳ್ಳಿಹಾಕದೆ, ಕೆಲಸ ಅರ್ಧವೇ ಆಗಿದೆ ಎಂಬ ಸುದ್ದಿಯಾಗಿ ತೆಗೆದುಕೊಂಡರು. ವಾಸಿಯಾದವರು ಉಳಿದುಕೊಂಡು ಕಸುಬು ಕಲಿಯಲು ‘ನವ ಜೀವ ನಿಲಯಂ’ ಎಂಬ ಪುಟ್ಟ ಊರೇ ಎದ್ದಿತು. ತಾವು ಹಿಂದೆ ಕಲಿತಿದ್ದ ಮರಗೆಲಸ ಅಲ್ಲಿ ಬ್ರ್ಯಾಂಡ್ ಅವರ ನೆರವಿಗೆ ಬಂತು.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಡಾ. ಮೇರಿ ವರ್ಗೀಸ್ ಅವರ ಕಥೆ. ಕೇರಳದ ಈ ಯುವ ವೈದ್ಯೆ ವೆಲ್ಲೂರಿನಲ್ಲಿ ಸ್ತ್ರೀರೋಗ ವಿಭಾಗದಲ್ಲಿದ್ದರು. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಸರ್ಜನ್ ಆಗುವ ಆಸೆ ಮುಗಿಯಿತೆಂದೇ ಅನ್ನಿಸಬೇಕಾದ ಹೊತ್ತು. ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಎಂದು ಬ್ರ್ಯಾಂಡ್ ಅವರಿಗೆ ದಾರಿ ತೋರಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಮತ್ತೆ ಚಾಕು ಹಿಡಿದರು. ಕಾಲಿನಲ್ಲಿ ಸ್ಪರ್ಶವಿಲ್ಲದ ರೋಗಿಗಳಿಗೆ, ತನ್ನ ಕಾಲಿನ ಸ್ಪರ್ಶವನ್ನೇ ಕಳೆದುಕೊಂಡಿದ್ದ ವೈದ್ಯೆ ಸಿಕ್ಕರು. ಮುಂದೆ ವಿದೇಶದಲ್ಲಿ ತರಬೇತಿ ಪಡೆದು ಬಂದು ಪುನರ್ವಸತಿ ವೈದ್ಯಕೀಯ ವಿಭಾಗವನ್ನು ಕಟ್ಟಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರುವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬ್ರ್ಯಾಂಡ್ ಕರುಣೆ ತೋರಿ ಅವರಿಗೊಂದು ಮೇಜಿನ ಕೆಲಸ ಕೊಟ್ಟು ಸುಮ್ಮನಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಪ್ರೀತಿ ಎಂದರೆ ಕನಿಕರವಷ್ಟೇ ಅಲ್ಲ, ಎದುರಿನವರಿಂದ ದೊಡ್ಡದನ್ನು ನಿರೀಕ್ಷಿಸುವ ಧೈರ್ಯವೂ ಹೌದು.

ನಮ್ಮ ಕಚೇರಿಗಳಲ್ಲಿ ವಿನಯ ಎಂದರೆ ಮೆತ್ತಗೆ ಮಾತಾಡುವುದು, ಮೀಟಿಂಗ್‌ನಲ್ಲಿ ‘ಎಲ್ಲಾ ತಂಡದ ಶ್ರಮ’ ಎನ್ನುವುದು ಎಂದಾಗಿಬಿಟ್ಟಿದೆ. ಅದಕ್ಕೆ ಖರ್ಚೇನೂ ಇಲ್ಲ. ವೆಲ್ಲೂರಿನ ವಿನಯ ಹೊತ್ತು ಬೇಡುತ್ತದೆ. ಮಧ್ಯರಾತ್ರಿ ಸರ್ವರ್ ನಿಂತಾಗ ಹೊಸ ಹುಡುಗನ ಜೊತೆ ಕುಳಿತು ಲಾಗ್ ಓದುವುದು ಅದೇ ಜಾತಿಗೆ ಸೇರಿದ್ದು. ಬಳಕೆದಾರರ ದೂರನ್ನು ತಂಡಕ್ಕಾದ ಅವಮಾನ ಎಂದುಕೊಳ್ಳದೆ ಪೂರ್ತಿ ಕೇಳುವುದೂ ಹಾಗೆಯೇ. ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿಗೆ ‘ಸುಲಭದ ಕೆಲಸ’ ಕೊಟ್ಟು ಉಪಕಾರ ಮಾಡಿದೆವೆಂದು ಬೀಗುವ ಬದಲು, ಆಕೆಗೆ ಬೇಕಾದ ಜವಾಬ್ದಾರಿ ಯಾವುದೆಂದು ಕೇಳುವುದೂ ಹಾಗೆಯೇ.

ಇದಕ್ಕೆ ಕ್ರೈಸ್ತರೇ ಆಗಬೇಕೆಂದಿಲ್ಲ. ಆದರೆ ಬ್ರ್ಯಾಂಡ್, ಮೇರಿ ಇಬ್ಬರಿಗೂ ಈ ಬಲ ಬಂದದ್ದು ತಮ್ಮ ನಂಬಿಕೆಯಿಂದ ಎಂಬುದನ್ನು ಮರೆಯುವುದು ನ್ಯಾಯವಲ್ಲ. ಬೋಗುಣಿ ಹಿಡಿದ ಗುರುವನ್ನು ಅವರು ಪ್ರಾರ್ಥನೆಯಲ್ಲಿ ನೆನೆದರು, ವಾರ್ಡಿನಲ್ಲಿ ಅನುಸರಿಸಿದರು. ಬಗ್ಗಿ ಕುಳಿತವರಿಗೆ ಮಾತ್ರ ಇನ್ನೊಬ್ಬರ ಕಾಲಿನ ಗಾಯ ಕಾಣುತ್ತದೆ.