ಡಬ್ಬಿಯೊಳಗಿನ ಗೋಧಿ ಬಿಯರ್: ಒಂದು ಕಿಟ್ ವ್ಯಾಪಾರದ ಲೆಕ್ಕಾಚಾರ

ಸಿದ್ಧಪಡಿಸಿದ ಸರಕನ್ನು ಗ್ರಾಹಕನಿಗೆ ಮಾರುವುದು ಒಂದು ಬಗೆಯ ವ್ಯಾಪಾರ. ಆ ಸರಕನ್ನು ಗ್ರಾಹಕನೇ ತನ್ನ ಮನೆಯಲ್ಲಿ ಸಿದ್ಧಪಡಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನೂ ವಿಧಾನವನ್ನೂ ಒಟ್ಟುಗೂಡಿಸಿ ಮಾರುವುದು ಇನ್ನೊಂದು ಬಗೆ. ಎರಡನೆಯದನ್ನು ಸಾಮಾನ್ಯವಾಗಿ ‘ಕಿಟ್’ ವ್ಯಾಪಾರವೆಂದು ಕರೆಯುತ್ತಾರೆ. ಬ್ರಿಟನ್, ಅಮೆರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಮನೆಬಳಕೆಗಾಗಿ ಮಾರಾಟವಾಗುವ ಬಿಯರ್ ಕಿಟ್‌ಗಳು ಇದಕ್ಕೆ ಉತ್ತಮ ನಿದರ್ಶನ. ಅವುಗಳಲ್ಲಿ ಗೋಧಿ ಬಿಯರಿನ ಕಿಟ್ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸಲು ಅವಕಾಶವಿಲ್ಲವಾದರೂ, ಈ ಸರಕಿನ ಹಿಂದಿರುವ ವೆಚ್ಚದ ರಚನೆ, ತೆರಿಗೆಯ ಪಾತ್ರ ಮತ್ತು ಕಾನೂನಿನ ಪ್ರಭಾವಗಳು ಇಲ್ಲಿನ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಉಪಯುಕ್ತ ಪಾಠಗಳನ್ನು ಒದಗಿಸುತ್ತವೆ.

ಡಬ್ಬಿಯಲ್ಲಿ ಏನಿರುತ್ತದೆ?

ರಾಗಿ ಮಾಲ್ಟ್ ತಯಾರಿಸುವವರಿಗೆ ಮಾಲ್ಟ್ ಎಂದರೇನೆಂಬುದು ತಿಳಿದೇ ಇದೆ. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಬಿಯರ್‌ಗೆ ಮುಖ್ಯವಾಗಿ ಬಾರ್ಲಿಯ ಮಾಲ್ಟ್ ಬಳಸುತ್ತಾರೆ. ಗೋಧಿ ಬಿಯರಿನಲ್ಲಿ ಗೋಧಿಯ ಮಾಲ್ಟಿಗೆ ದೊಡ್ಡ ಪಾಲು. ಜರ್ಮನಿಯ ಬವೇರಿಯಾ ಪ್ರಾಂತ್ಯದ ‘ವೈಸ್‌ಬಿಯರ್’ನಲ್ಲಿ ಕನಿಷ್ಠ ಅರ್ಧದಷ್ಟು ಗೋಧಿ ಮಾಲ್ಟ್ ಇರಬೇಕೆಂಬುದು ನಿಯಮ.

ಮಾಲ್ಟನ್ನು ಬಿಸಿನೀರಿನಲ್ಲಿ ಇರಿಸಿದಾಗ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿರಸವನ್ನು ಸೋಸಿ, ನಿರ್ವಾತದಲ್ಲಿ ಕಡಿಮೆ ಶಾಖದಿಂದ ಬತ್ತಿಸಿದರೆ, ಸುಮಾರು ಶೇ. 80ರಷ್ಟು ಘನಾಂಶವಿರುವ ದಪ್ಪ ಪಾಕ ದೊರೆಯುತ್ತದೆ. ಕಹಿರುಚಿಗಾಗಿ ಹಾಪ್ಸ್ ಎಂಬ ಬಳ್ಳಿಯ ಹೂವಿನ ಸಾರವನ್ನು ಇದಕ್ಕೆ ಸೇರಿಸುತ್ತಾರೆ. ಇಂಥ ಪಾಕದ 1.7 ಕಿಲೋ ಡಬ್ಬಿ, ಯೀಸ್ಟಿನ ಸಣ್ಣ ಪೊಟ್ಟಣ ಮತ್ತು ಸೂಚನಾಪತ್ರ ಇಷ್ಟೇ ಸಾಮಾನ್ಯ ಕಿಟ್‌ನ ಒಳಗಿರುವುದು. ಒಂದು ಡಬ್ಬಿಯಿಂದ ಸುಮಾರು 23 ಲೀಟರ್ ಬಿಯರ್ ಆಗುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, 23 ಲೀಟರಿನ ಬಹುಭಾಗ ನೀರು. ಅದು ಗ್ರಾಹಕನ ನಲ್ಲಿಯಿಂದಲೇ ಬರುತ್ತದೆ. ಉತ್ಪಾದಕನು ನೀರನ್ನಾಗಲಿ ಗಾಜಿನ ಬಾಟಲಿಗಳನ್ನಾಗಲಿ ಸಾಗಿಸಬೇಕಿಲ್ಲ. ನೀರಿನಂಶ ಕಡಿಮೆಯಿರುವುದರಿಂದ ಪಾಕವು ಬೇಗ ಕೆಡುವುದೂ ಇಲ್ಲ. ಎರಡನೆಯದಾಗಿ, ಬಾರ್ಲಿಗೆ ಹೊಟ್ಟಿದೆ, ಗೋಧಿಗೆ ಇಲ್ಲ. ಬಾರ್ಲಿಯ ಹೊಟ್ಟು ರಸವನ್ನು ಸೋಸುವಾಗ ಜರಡಿಯಂತೆ ನೆರವಾಗುತ್ತದೆ. ಗೋಧಿ ಹೆಚ್ಚಿದ್ದರೆ ಮಿಶ್ರಣವು ಅಂಟಂಟಾಗಿ, ರಸ ಇಳಿಯುವುದೇ ಕಷ್ಟವಾಗುತ್ತದೆ. ಈ ಕಠಿಣ ಹಂತವನ್ನು ಕಾರ್ಖಾನೆಯು ತಾನೇ ಮುಗಿಸಿ, ಸುಲಭವಾದ ಹಂತವನ್ನು ಮಾತ್ರ ಗ್ರಾಹಕನಿಗೆ ಬಿಡುತ್ತದೆ. ಕಿಟ್‌ನ ಬೆಲೆಗೆ ಆಧಾರ ಇದೇ.

ಮನೆಯಲ್ಲಿ ನಡೆಯುವ ಕೆಲಸ

ಗ್ರಾಹಕನು ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ಸುಮಾರು 1 ಕಿಲೋ ಸಕ್ಕರೆಯನ್ನು ಸೇರಿಸಿ, ತಣ್ಣೀರು ತುಂಬಿ, ಯೀಸ್ಟ್ ಉದುರಿಸುತ್ತಾನೆ. ಸಕ್ಕರೆಯ ಬದಲು ಗೋಧಿ ಮಾಲ್ಟಿನ ಪುಡಿಯನ್ನು ಬಳಸಿದರೆ ಬಿಯರ್ ತೆಳುವಾಗದೆ, ನೊರೆಯೂ ಚೆನ್ನಾಗಿ ನಿಲ್ಲುತ್ತದೆ. ಪಾತ್ರೆ, ಕೊಳವೆ, ಸೌಟು ಎಲ್ಲವನ್ನೂ ಕ್ರಿಮಿನಾಶಕದಿಂದ ಶುಚಿಗೊಳಿಸಬೇಕು. ಕೆಡುವ ಬಿಯರಿನಲ್ಲಿ ಬಹುಪಾಲು ಶುಚಿತ್ವದ ಲೋಪದಿಂದಲೇ ಕೆಡುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ಹುದುಗುವಿಕೆ ಮುಗಿಯುತ್ತದೆ. ಬವೇರಿಯಾ ಮಾದರಿಯ ಗೋಧಿ ಬಿಯರಿನ ಬಾಳೆಹಣ್ಣು ಮತ್ತು ಲವಂಗದ ಪರಿಮಳವು ಹಣ್ಣಿನಿಂದಾಗಲಿ ಸಂಬಾರ ಪದಾರ್ಥದಿಂದಾಗಲಿ ಬಂದುದಲ್ಲ. ಅದು ವಿಶಿಷ್ಟ ಯೀಸ್ಟಿನ ಕೊಡುಗೆ.

ದ್ರವದ ಸಾಂದ್ರತೆಯನ್ನು ಹೈಡ್ರೋಮೀಟರ್ ತೋರಿಸುತ್ತದೆ. ಆರಂಭದಲ್ಲಿ 1.040 ಇದ್ದುದು ಕೊನೆಗೆ 1.010ಕ್ಕೆ ಇಳಿದರೆ, ಆ ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಮದ್ಯಸಾರದ ಪ್ರಮಾಣ ಸುಮಾರು ಶೇ. 4 ಎಂದು ಲೆಕ್ಕ ಸಿಗುತ್ತದೆ. ಎರಡು ದಿನ ಸತತವಾಗಿ ಒಂದೇ ಅಂಕಿ ಬಂದ ಬಳಿಕವೇ ಬಾಟಲಿಗೆ ತುಂಬಬೇಕು. ಗುಳ್ಳೆಗಾಗಿ ಬಾಟಲಿಯಲ್ಲಿ ಲೀಟರಿಗೆ ಸುಮಾರು 8 ಗ್ರಾಂ ಸಕ್ಕರೆ ಸೇರಿಸುತ್ತಾರೆ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ ಅಥವಾ ಸಕ್ಕರೆ ಹೆಚ್ಚಾದರೆ ಒತ್ತಡದಿಂದ ಗಾಜಿನ ಬಾಟಲಿಯು ಸಿಡಿಯುವ ಅಪಾಯವಿದೆ. ಆದ್ದರಿಂದ ಸೂಚನಾಪತ್ರವು ಇಲ್ಲಿ ಕೇವಲ ಪ್ರಚಾರಪತ್ರವಲ್ಲ. ಉತ್ಪಾದಕನ ಹೊಣೆಗಾರಿಕೆಯ ದಾಖಲೆಯೂ ಹೌದು. ಗೋಧಿ ಬಿಯರ್ ಸ್ವಭಾವತಃ ಮಬ್ಬಾಗಿರುವುದರಿಂದ ಹೊಸಬನ ಬಿಯರ್ ತಿಳಿಯಾಗಿಲ್ಲವೆಂದು ಯಾರೂ ದೂರುವಂತಿಲ್ಲ. ಹೊಸ ಗ್ರಾಹಕನು ನಿರಾಶನಾಗದೆ ಎರಡನೆಯ ಡಬ್ಬಿ ಕೊಳ್ಳಲು ಇದೂ ನೆರವಾಗುವ ಗುಣ.

ಕಾನೂನಿನಿಂದ ಹುಟ್ಟಿದ ಮಾರುಕಟ್ಟೆ

ಬ್ರಿಟನ್ನಿನಲ್ಲಿ 1880ರಲ್ಲಿ ಗ್ಲ್ಯಾಡ್‌ಸ್ಟನ್ ಅವರು ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆಯೇ ಸುಂಕ ವಿಧಿಸಿದರು. ಅಂದಿನಿಂದ ಮನೆಯಲ್ಲಿ ಬಿಯರ್ ತಯಾರಿಸುವವನೂ ಪರವಾನಗಿ ಪಡೆಯಬೇಕಾಯಿತು. 1963ರ ಮುಂಗಡಪತ್ರದಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಈ ಪರವಾನಗಿಯನ್ನು ರದ್ದುಪಡಿಸಿದರು. ಮಾರಾಟ ಮಾತ್ರ ನಿಷಿದ್ಧವಾಗಿಯೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಬೂಟ್ಸ್‌ನಂತಹ ಔಷಧಿ ಅಂಗಡಿಗಳಲ್ಲಿಯೂ ಬಿಯರ್ ಕಿಟ್‌ಗಳು ಕಾಣಿಸಿಕೊಂಡವು.

ಅಮೆರಿಕಾದ ಅನುಭವ ಇನ್ನಷ್ಟು ಬೋಧಪ್ರದ. 1920ರಿಂದ 1933ರವರೆಗಿನ ಪಾನನಿಷೇಧದ ಅವಧಿಯಲ್ಲಿ ಆನ್‌ಹೈಸರ್-ಬುಷ್, ಪ್ಯಾಬ್ಸ್ಟ್ ಮೊದಲಾದ ಬಿಯರ್ ಕಂಪೆನಿಗಳು ಮಾಲ್ಟ್ ಪಾಕವನ್ನು ಅಡುಗೆಯ ಸಾಮಗ್ರಿಯೆಂದು ಮಾರಿದವು. ನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶ ದೊರೆತರೂ ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾಯಿದೆಯು 1979ರ ಫೆಬ್ರವರಿಯಿಂದ ಆ ಅವಕಾಶವನ್ನು ನೀಡಿತು: ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್, ಸುಂಕವಿಲ್ಲದೆ. ಆದರೂ ರಾಜ್ಯಗಳ ಒಪ್ಪಿಗೆ ಪ್ರತ್ಯೇಕವಾಗಿ ಬೇಕಿತ್ತು; ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳಲ್ಲಿ ಅದು ದೊರೆತದ್ದು 2013ರಲ್ಲಿ. ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದಲ್ಲಿ 1976ರಲ್ಲಿ ಮನೆಬಿಯರಿನ ಸಾಮಗ್ರಿಯ ಅಂಗಡಿ ತೆರೆದ ಕೆನ್ ಗ್ರಾಸ್‌ಮನ್, 1980ರ ವೇಳೆಗೆ ಸಿಯೆರಾ ನೆವಾಡಾ ಎಂಬ ಬಿಯರ್ ಕಾರ್ಖಾನೆಯ ಒಡೆಯರಾದರು.

ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ 1862ರಲ್ಲಿ ಸ್ಥಾಪನೆಯಾದ ಕುಟುಂಬ ಒಡೆತನದ ಕೂಪರ್ಸ್ ಸಂಸ್ಥೆಯು ಬಿಯರಿನ ಜೊತೆಗೆ ಕಿಟ್‌ಗಳನ್ನೂ ತಯಾರಿಸುತ್ತ ಬಂದು, 2012ರಲ್ಲಿ ಅಮೆರಿಕಾದ ‘ಮಿಸ್ಟರ್ ಬಿಯರ್’ ಕಿಟ್ ಕಂಪೆನಿಯನ್ನು ಖರೀದಿಸಿತು.

ಉಳಿತಾಯ ಎಲ್ಲಿಂದ ಬರುತ್ತದೆ?

ಕಿಟ್‌ನ ಬಿಯರ್ ಅಂಗಡಿಯ ಬಿಯರಿಗಿಂತ ಅಗ್ಗವಾಗುವುದು ಕೇವಲ ಉತ್ಪಾದನಾ ಕೌಶಲದಿಂದಲ್ಲ. ಲೆಕ್ಕವನ್ನು ಬಿಡಿಸಿ ನೋಡಿದರೆ ಮೂರು ಬಾಬುಗಳು ಕಾಣುತ್ತವೆ. ಮನೆಬಳಕೆಯ ಬಿಯರಿಗೆ ಅಬಕಾರಿ ಸುಂಕವಿಲ್ಲ. ಬಾಟಲಿ, ಸಾಗಣೆ ಹಾಗೂ ಅಂಗಡಿಯವನ ಲಾಭಾಂಶ ಉಳಿಯುತ್ತವೆ. ಗ್ರಾಹಕನು ತನ್ನ ದುಡಿಮೆಗೆ ಕೂಲಿ ಹಾಕಿಕೊಳ್ಳುವುದಿಲ್ಲ. ಈ ಮೂರನ್ನೂ ಲೆಕ್ಕಕ್ಕೆ ತಂದರೆ ಉಳಿತಾಯದ ಬಹುಭಾಗ ಕರಗುತ್ತದೆ. ಹುದುಗುಪಾತ್ರೆ, ಹೈಡ್ರೋಮೀಟರ್, ಮುಚ್ಚಳ ಬಿಗಿಯುವ ಸಾಧನ ಇವು ಒಮ್ಮೆ ಮಾತ್ರ ಮಾರಾಟವಾಗುವ ಬಂಡವಾಳ ಸರಕು. ವರ್ತಕನಿಗೆ ನಿರಂತರ ಆದಾಯ ತರುವುದು ಮತ್ತೆ ಮತ್ತೆ ಬೇಕಾಗುವ ಡಬ್ಬಿ.

ತೆರಿಗೆಯ ದೃಷ್ಟಿಯಿಂದಲೂ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನ 1994ರ ಮೌಲ್ಯವರ್ಧಿತ ತೆರಿಗೆ ಕಾಯಿದೆಯ ಪ್ರಕಾರ ಸಾಮಾನ್ಯ ಆಹಾರವಸ್ತುಗಳಿಗೆ ಶೂನ್ಯ ದರ. ಆದರೆ ಮನೆಯಲ್ಲಿ ಬಿಯರ್ ತಯಾರಿಕೆಗೆಂದು ಡಬ್ಬಿ ಅಥವಾ ಪೊಟ್ಟಣ ಕಟ್ಟಿದ ಸಾಮಗ್ರಿಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. 2011ರ ಜನವರಿಯಿಂದ ಅದಕ್ಕೆ ಶೇ. 20ರ ದರ. ಇಲ್ಲಿ ತೆರಿಗೆಯನ್ನು ನಿರ್ಧರಿಸುವುದು ಪದಾರ್ಥವೊಂದೇ ಅಲ್ಲ. ಅದನ್ನು ಯಾವ ಉದ್ದೇಶಕ್ಕೆಂದು ಕಟ್ಟಿದ್ದಾರೆ ಎಂಬುದೂ ಮುಖ್ಯ. ಲೇಬಲ್ ಬರೆಯುವ ಮುನ್ನ ವರ್ಗೀಕರಣವನ್ನು ಪರಿಶೀಲಿಸಬೇಕೆಂಬ ಮಾತು ಎಲ್ಲ ದೇಶದ ಉತ್ಪಾದಕರಿಗೂ ಅನ್ವಯಿಸುತ್ತದೆ.

ಕರ್ನಾಟಕದ ಸ್ಥಿತಿ

ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯ 8 ಮತ್ತು 51ನೇ ನಮೂದುಗಳ ಪ್ರಕಾರ ಮದ್ಯದ ನಿಯಂತ್ರಣವೂ ಅದರ ಮೇಲಿನ ಅಬಕಾರಿ ಸುಂಕವೂ ರಾಜ್ಯಗಳಿಗೆ ಸೇರಿವೆ. ಮಾನವ ಬಳಕೆಯ ಮದ್ಯ ಜಿಎಸ್‌ಟಿಯ ಹೊರಗಿದೆ. ಕರ್ನಾಟಕ ಅಬಕಾರಿ ಕಾಯಿದೆ, 1965ರ 13ನೇ ಪ್ರಕರಣದಂತೆ ಪರವಾನಗಿಯಿಲ್ಲದೆ ಯಾವ ಮಾದಕ ಪಾನೀಯವನ್ನೂ ತಯಾರಿಸುವಂತಿಲ್ಲ. ಮಾರಾಟಕ್ಕಲ್ಲ, ಮನೆಬಳಕೆಗೆ ಎಂಬ ಸಮಜಾಯಿಷಿಗೆ ಬ್ರಿಟನ್ನಿನಲ್ಲಿರುವ ಮನ್ನಣೆ ಇಲ್ಲಿಲ್ಲ. ತಯಾರಿಕೆಯ ಉದ್ದೇಶದಿಂದ ಸಾಮಗ್ರಿ, ಸಲಕರಣೆಗಳನ್ನು ಇಟ್ಟುಕೊಳ್ಳುವುದೂ ಅಪರಾಧಕ್ಕೆ ಆಸ್ಪದವಾಗುತ್ತದೆ. ಆದುದರಿಂದ ವಿದೇಶದ ಕಿಟ್ ತರಿಸಿ ಮಾರುವ ಯೋಜನೆಗೆ ಹಣ ತೊಡಗಿಸುವುದು ಅಪಾಯಕರ.

ಆದರೆ ಗೋಧಿ ಬಿಯರ್ ಈ ರಾಜ್ಯಕ್ಕೆ ಅಪರಿಚಿತವಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಮೊದಲ ಮೈಕ್ರೊಬ್ರೂವರಿ ತೆರೆದ ಬಳಿಕ ಪರವಾನಗಿ ಪಡೆದ ಇಂಥ ಘಟಕಗಳಲ್ಲಿ ಗೋಧಿ ಬಿಯರ್ ಜನಪ್ರಿಯ ಬಗೆಯಾಗಿದೆ. ತುಕ್ಕುರಹಿತ ಉಕ್ಕಿನ ತೊಟ್ಟಿ, ಕೊಳವೆ, ಕವಾಟ, ಶೀತಲ ಯಂತ್ರ, ಶುಚಿಕಾರಕ ಇವುಗಳ ಪೂರೈಕೆಯಲ್ಲಿ ಸಣ್ಣ ಕೈಗಾರಿಕೆಗಳಿಗೆ ಕಾನೂನುಬದ್ಧ ಅವಕಾಶವಿದೆ.

ಉದ್ಯಮಿಗಳು ಗಮನಿಸಬೇಕಾದುದು

ಕಿಟ್ ಮಾದರಿಯ ವ್ಯಾಪಾರ ಬಿಯರಿಗೆ ಸೀಮಿತವಲ್ಲ. 1924ರಷ್ಟು ಹಿಂದಿನ ಹೋಟೆಲ್ ಪರಂಪರೆಯ ಎಂ.ಟಿ.ಆರ್. ಹೆಸರಿನಲ್ಲಿ ಮಾರಾಟವಾಗುವ ರವೆ ಇಡ್ಲಿ ಮಿಶ್ರಣವೂ ಇದೇ ತತ್ತ್ವದ ಮೇಲೆ ನಿಂತಿದೆ: ಹದವಾಗಿ ಬೆರೆಸುವ ಕಷ್ಟದ ಕೆಲಸ ಕಾರ್ಖಾನೆಯದು, ಮೊಸರು ಕಲಸಿ ಬೇಯಿಸುವ ಸುಲಭದ ಕೆಲಸ ಗೃಹಿಣಿಯದು. ಇಂಥ ಸರಕಿಗೆ ಬಂಡವಾಳ ಹೂಡುವವರು ಐದು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳುವುದು ಲೇಸು. ಬಳಕೆದಾರನು ಮಾಡುವ ಕೊನೆಯ ಕೆಲಸ ಕಾನೂನುಸಮ್ಮತವೇ? ಕಠಿಣವಾದ ಹಂತವನ್ನು ಕಾರ್ಖಾನೆಯು ತಾನೇ ವಹಿಸಿಕೊಂಡಿದೆಯೇ? ಗ್ರಾಹಕನು ಮತ್ತೆ ಮತ್ತೆ ಕೊಳ್ಳಬೇಕಾದ ಭಾಗ ಯಾವುದು? ಸೂಚನಾಪತ್ರ ಅವನ ಭಾಷೆಯಲ್ಲಿ, ಅಪಾಯದ ಎಚ್ಚರಿಕೆಯೊಡನೆ ಇದೆಯೇ? ಕಟ್ಟಿದ ರೂಪದಲ್ಲಿ ಸರಕಿನ ತೆರಿಗೆ ದರ ಎಷ್ಟು? ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ನಾಲ್ಕನ್ನು ಕೇಳುವ ಅಗತ್ಯವೇ ಇರುವುದಿಲ್ಲ.