ಹಳೇ ಟಿವಿಗೆ ಹೊಸ ಪ್ಲೇಯರ್ ಹೊಂದುತ್ತದೆಯೇ?

ಪ್ರಶ್ನೆ: ನಮ್ಮ ಹಳೇ ಡಬ್ಬಾ ಟಿವಿ ಇನ್ನೂ ಚೆನ್ನಾಗಿದೆ. ಹೊಸ ಪ್ಲೇಯರ್‌ನಲ್ಲಿ ಎಚ್‌ಡಿಎಂಐ ಬಿಟ್ಟರೆ ಬೇರೆ ಕಿಂಡಿಯೇ ಇಲ್ಲ. ಎರಡನ್ನೂ ಜೋಡಿಸಬಹುದೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಖಂಡಿತ ಜೋಡಿಸಬಹುದು. ಟಿವಿಯಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಎವಿ ತೂತುಗಳಿವೆಯೇ ನೋಡಿ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಎಚ್‌ಡಿಎಂಐಯಲ್ಲಿ ಬರುವುದು ಡಿಜಿಟಲ್ ಸಂಕೇತ, ನಿಮ್ಮ ಟಿವಿಗೆ ಬೇಕಿರುವುದು ಅನಲಾಗ್. ಬರೀ ವೈರ್ ಬದಲಿಸಿದರೆ ಸಾಲದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಎಚ್‌ಡಿಎಂಐ ಟು ಎವಿ’ ಕನ್ವರ್ಟರ್ ಎಂದೇ ಕೇಳಿ. ‘ಎವಿ ಟು ಎಚ್‌ಡಿಎಂಐ’ ನೋಡಲು ಥೇಟ್ ಹಾಗೇ ಇರುತ್ತದೆ, ಕೆಲಸ ಮಾತ್ರ ತಿರುವುಮುರುವು. ಕನ್ವರ್ಟರ್‌ಗೆ 5 ವೋಲ್ಟ್ ಕರೆಂಟು ಬೇಕು. ಮೊಬೈಲ್ ಚಾರ್ಜರ್ ಸಾಕು.

ಬಹಳ ಜನ ಎಡವುವುದು ಮುಂದೆ. ಕನ್ವರ್ಟರ್‌ನ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಬರೆದ ಪುಟ್ಟ ಸ್ವಿಚ್ ಇರುತ್ತದೆ. ಇವೆರಡೂ ಬಣ್ಣದ ಟಿವಿ ಸಂಕೇತದ ಪದ್ಧತಿಗಳು; 1982ರಲ್ಲಿ ಬಣ್ಣದ ಪ್ರಸಾರ ಶುರುವಾದಾಗಿನಿಂದ ಭಾರತದ್ದು ಪಾಲ್. ಸ್ವಿಚ್ ಇನ್ನೊಂದು ಕಡೆಗಿದ್ದರೆ ಚಿತ್ರ ಕಪ್ಪುಬಿಳುಪಾಗಬಹುದು, ಉರುಳಲೂಬಹುದು. ಟಿವಿ ಕೆಟ್ಟಿತೆಂದು ಗಾಬರಿಯಾಗಬೇಡಿ.

ಟಿವಿಯಲ್ಲಿ ಎವಿ ತೂತುಗಳಿಲ್ಲದೆ ಆಂಟೆನಾ ತೂತು ಮಾತ್ರ ಇದ್ದರೆ, ಎವಿ ಸಂಕೇತವನ್ನು ಆಂಟೆನಾ ಸಂಕೇತವಾಗಿಸುವ ಆರ್‌ಎಫ್ ಮಾಡ್ಯುಲೇಟರ್ ಕೂಡ ಬೇಕಾಗುತ್ತದೆ. ಚಿತ್ರ 576 ಗೆರೆಗಳಿಗೆ ಇಳಿಯುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಹಳೇ ಸಿನಿಮಾಗಳಿಗೆ ಅಷ್ಟು ಧಾರಾಳ. ಟಿವಿಯ ಹಿಂಬದಿಯ ಮುಚ್ಚಳವನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.