ಮಾಫೆ: ಶೇಂಗಾ ಬೆರೆತ ಮಾಂಸದ ಸಾರು

ಸೆನೆಗಲ್, ಮಾಲಿ ದೇಶಗಳ ಮನೆಗಳಲ್ಲಿ ‘ಮಾಫೆ’ ಎಂಬ ಮಾಂಸದ ಸಾರಿಗೆ ಶೇಂಗಾವೇ ಜೀವಾಳ. ರಾಯದುರ್ಗ, ಮಡಕಶಿರಾ ಸೀಮೆಯ ರೈತನಿಗೆ ಚಿರಪರಿಚಿತವಾದ ಈ ಬೆಳೆ ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಾ ಸೇರಿತು. 19ನೆಯ ಶತಮಾನದಲ್ಲಿ ಫ್ರೆಂಚರು ತಮ್ಮ ಎಣ್ಣೆಗಿರಣಿಗಳಿಗಾಗಿ ಸೆನೆಗಲಿನ ಹೊಲಗಳನ್ನು ಶೇಂಗಾಕ್ಕೆ ತಿರುಗಿಸಿದರು. ಸಜ್ಜೆಯೂಟದ ಜಾಗಕ್ಕೆ ಇಂಡೋಚೀನಾದ ನುಚ್ಚಕ್ಕಿ ಬಂದಿತು. ಬೆಳೆ ಹಡಗೇರಿದರೂ ಗಡಿಗೆಯ ಪಾಲನ್ನು ಅಲ್ಲಿನ ಹೆಂಗಸರು ಬಿಟ್ಟುಕೊಡಲಿಲ್ಲ.

ಅರ್ಧ ಕಿಲೋ ಕುರಿಮಾಂಸವನ್ನು ಈರುಳ್ಳಿಯೊಡನೆ ಕೆಂಪಾಗಿ ಹುರಿದು, ಟೊಮೆಟೊ ಬೆರೆಸಿ, ನೀರು ಹೊಯ್ದು ಬೇಯಿಸಬೇಕು. ಹುರಿದ ಶೇಂಗಾ 150 ಗ್ರಾಂ ನುಣ್ಣಗೆ ರುಬ್ಬಿ, ಬಿಸಿ ಸಾರಿನಲ್ಲೇ ಕದಡಿ ಸೇರಿಸಬೇಕು. ನೇರವಾಗಿ ಹಾಕಿದರೆ ಗಂಟುಕಟ್ಟುತ್ತದೆ. ಗೆಣಸು, ಗಜ್ಜರಿ, ಒಂದು ಇಡೀ ಮೆಣಸಿನಕಾಯಿ ಆ ಬಳಿಕ. ಅವಸರ ಸಲ್ಲದು. ಸಣ್ಣ ಉರಿಯಲ್ಲಿ ಕುದಿದು ಎಣ್ಣೆ ಮೇಲೆ ತೇಲಿದ ಮೇಲೆಯೇ ಗಡಿಗೆಯನ್ನು ಇಳಿಸಿ ಅನ್ನದೊಡನೆ ಬಡಿಸುತ್ತಾರೆ.